ಕೋತಗಿರಿಯಿಂದ ವಿಮಾನಕ್ಕೆ: ದೂರ ಎಷ್ಟು, ಹೊತ್ತು ಎಷ್ಟು?

ನೀಲಗಿರಿ ಜಿಲ್ಲೆಯಲ್ಲಿ ಪ್ರಯಾಣಿಕ ವಿಮಾನ ಇಳಿಯುವ ನಿಲ್ದಾಣವಿಲ್ಲ. ಕೋತಗಿರಿಗೆ ತೀರ ಹತ್ತಿರದ್ದು ಕೊಯಮತ್ತೂರಿನ ಪೀಳಮೇಡು ನಿಲ್ದಾಣ. ಬೆಟ್ಟದ ಉತ್ತರಕ್ಕೆ ಮೈಸೂರಿನ ಮಂಡಕಳ್ಳಿ ನಿಲ್ದಾಣವಿದೆ. ಇವೆರಡರ ನಡುವೆ ಆಕಾಶಮಾರ್ಗದ ದೂರ ಸುಮಾರು 140 ಕಿ.ಮೀ.; ಸತ್ಯಮಂಗಲದ ರಸ್ತೆಯಲ್ಲಿ ಹೋದರೆ ಸುಮಾರು 200 ಕಿ.ಮೀ.

ಆಕಾಶದ ದೂರವನ್ನು ಅಕ್ಷಾಂಶ, ರೇಖಾಂಶಗಳಿಂದ ಲೆಕ್ಕ ಹಾಕುತ್ತಾರೆ. ಮಂಡಕಳ್ಳಿ ಸುಮಾರು 12.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಪೀಳಮೇಡು 11.0ರಲ್ಲಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ.ನಂತೆ ಉತ್ತರ-ದಕ್ಷಿಣ ಅಂತರ 133 ಕಿ.ಮೀ. ಪೂರ್ವ-ಪಶ್ಚಿಮ ಅಂತರ 42 ಕಿ.ಮೀ. ಲಂಬಕೋನ ತ್ರಿಭುಜದ ಕರ್ಣದ ಲೆಕ್ಕ ಹಿಡಿದರೆ 140 ಸಿಗುತ್ತದೆ. ದೂರ ಹೆಚ್ಚಿದಾಗ ಭೂಮಿಯ ದುಂಡಗಿನ ಮೈಯನ್ನೂ ಲೆಕ್ಕಕ್ಕೆ ಸೇರಿಸಬೇಕು. ವಿಮಾನದವರು ಬಳಸುವ ಅಳತೆ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ.ಗೆ ಸಮ.

ಹೊತ್ತಿನ ಲೆಕ್ಕ ಇಷ್ಟು ಸರಳವಲ್ಲ. ಕೊಯಮತ್ತೂರಿನಿಂದ ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ಆಕಾಶದಲ್ಲಿ ಸುಮಾರು 250 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ಎಂಬ ಪ್ರೊಪೆಲ್ಲರ್ ವಿಮಾನಕ್ಕೆ ಇದು ಅರ್ಧ ಗಂಟೆಯ ದಾರಿ. ಆದರೂ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಇರುತ್ತದೆ. ನಿಂತ ಜಾಗದಿಂದ ಹೊರಟ ಕ್ಷಣದಿಂದ, ಇಳಿದು ಮತ್ತೆ ನಿಲ್ಲುವವರೆಗಿನ ಹೊತ್ತನ್ನು ಅದು ತೋರಿಸುತ್ತದೆ. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಮೇಲೇರುವುದು, ಇಳಿಯಲು ಸುತ್ತಿ ಬರುವುದು ಎಲ್ಲವೂ ಅದರಲ್ಲಿ ಸೇರಿವೆ. ದಾರಿ ಗಿಡ್ಡವಾದಷ್ಟೂ ವಿಮಾನ ಪೂರ್ಣ ವೇಗದಲ್ಲಿ ಹಾರುವ ಹೊತ್ತು ಕಡಿಮೆ. ಹಾಗಾಗಿ ಇಂಥ ದಾರಿಯಲ್ಲಿ ಜೆಟ್ ವಿಮಾನದಿಂದ ಉಳಿಯುವುದು ಕೆಲವೇ ನಿಮಿಷ.

ವಿಮಾನದ ಗಾತ್ರವನ್ನು ನಿರ್ಧರಿಸುವುದು ರನ್‌ವೇ. ಕೊಯಮತ್ತೂರಿನ ರನ್‌ವೇ ಸುಮಾರು 3 ಕಿ.ಮೀ. ಉದ್ದವಿದ್ದು, ದೊಡ್ಡ ಜೆಟ್‌ಗಳು ಇಳಿಯುತ್ತವೆ. ಮಂಡಕಳ್ಳಿಯದು ಸುಮಾರು 1,740 ಮೀಟರ್. ಅಲ್ಲಿಗೆ ಎಟಿಆರ್‌ನಂಥ ಚಿಕ್ಕ ವಿಮಾನಗಳೇ ಸರಿ.

ಕೋತಗಿರಿ ಸುತ್ತಲಿನ ಹಟ್ಟಿಗಳಿಂದ ಬೆಂಗಳೂರಿಗೆ ಹೊರಟವರಿಗೆ ಮಾತ್ರ ಹೆಚ್ಚು ಹೊತ್ತು ಹಿಡಿಯುವುದು ನೆಲದ ಮೇಲೆಯೇ. ಸುಮಾರು 1,800 ಮೀಟರ್ ಎತ್ತರದ ಕೋತಗಿರಿಯಿಂದ ಘಾಟಿ ಇಳಿದು ಮೇಟ್ಟುಪಾಳಯಕ್ಕೆ 33 ಕಿ.ಮೀ., ಅಲ್ಲಿಂದ ನಿಲ್ದಾಣಕ್ಕೆ ಸುಮಾರು ಅಷ್ಟೇ ದೂರ. ಒಟ್ಟು ಎರಡೂವರೆ ಗಂಟೆ ಇಟ್ಟುಕೊಳ್ಳಬೇಕು. ನಿಲ್ದಾಣಕ್ಕೆ ಎರಡು ಗಂಟೆ ಮೊದಲೇ ತಲುಪಬೇಕು; ಹಾರಾಟಕ್ಕೆ ಒಂದು ಗಂಟೆ; ದೇವನಹಳ್ಳಿಯಿಂದ ಊರೊಳಗೆ ಹೋಗಲು ಒಂದು ಗಂಟೆಗೂ ಮೇಲೆ. ಕೂಡಿದರೆ ಏಳು ಗಂಟೆಯ ಹತ್ತಿರ. ಊಟಿ, ಮೈಸೂರಿನ ಮೇಲೆ ಕಾರಿನಲ್ಲಿ ಹೋದರೂ ಏಳೆಂಟು ಗಂಟೆಯೇ. ಆದರೆ ಆ ದಾರಿಯ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ.

ಬೆಂಗಳೂರಿನಲ್ಲೇ ಕೆಲಸವಿದ್ದರೆ ರಸ್ತೆಯೇ ಸಾಕು. ಅಲ್ಲಿಂದ ದೆಹಲಿಗೋ ವಿದೇಶಕ್ಕೋ ಇನ್ನೊಂದು ವಿಮಾನ ಹಿಡಿಯಬೇಕಾದವರಿಗೆ ಕೊಯಮತ್ತೂರಿನಿಂದ ಹಾರುವುದು ಅನುಕೂಲ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಕುಸಿಯುವುದುಂಟು. ಆಗ ಒಂದು ಗಂಟೆ ಮುಂಚೆಯೇ ಮನೆ ಬಿಡುವುದು ಒಳ್ಳೆಯದು.