ರಕ್ತದಲ್ಲಿ ಉಳಿದ ವಂಶಾವಳಿ: ಸಿದ್ದಿ ಜನರು ಮತ್ತು ಅನುವಂಶೀಯತೆಯ ಸಂಶೋಧನೆ

ಶಿರಸಿ ತಾಲ್ಲೂಕಿನಲ್ಲಿ, ಬನವಾಸಿಯ ಸಮೀಪ ಗುಡ್ನಾಪುರವೆಂಬ ಊರಿದೆ. ಅಲ್ಲಿ ದೊರೆತ ಕಂಬದ ಶಾಸನವೊಂದು ಕನ್ನಡ ನಾಡಿನ ಚರಿತ್ರೆಗೆ ಬಹಳ ಮುಖ್ಯವಾದುದು. ಕದಂಬ ಅರಸ ರವಿವರ್ಮನ ಕಾಲದ ಈ ಶಾಸನವು ಮಯೂರಶರ್ಮನ ತಂದೆ ಬಂಧುಷೇಣನೆಂದೂ ತಾತ ವೀರಶರ್ಮನೆಂದೂ ತಿಳಿಸುತ್ತದೆ. ಹೀಗೆ ಸುಮಾರು 1500 ವರ್ಷ ಹಿಂದಿನ ಬರಹದಿಂದ ಅರಸರ ವಂಶಾವಳಿ ನಮಗೆ ತಿಳಿಯಿತು.

ಇದೇ ಸೀಮೆಯ ಕಾಡಂಚಿನಲ್ಲಿ ಸಿದ್ದಿ ಜನರ ಮನೆಗಳೂ ಇವೆ. ಅವರ ಪೂರ್ವಜರು ಯಾವ ಊರಿನವರು, ಅವರ ಹೆಸರೇನು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಗುಲಾಮರಾಗಿ ಬಂದವರ ವಂಶಾವಳಿಯನ್ನು ಯಾರೂ ಕಂಬದ ಮೇಲೆ ಕೆತ್ತಿಸಲಿಲ್ಲ. ಆದರೂ ಅದು ಪೂರ್ತಿ ಅಳಿಸಿಹೋಗಿಲ್ಲ. ಅದನ್ನು ಓದುವ ಬಗೆ ಯಾವುದು, ಅದರಿಂದ ಆರೋಗ್ಯಕ್ಕೆ ಪ್ರಯೋಜನವೇನು, ಅದನ್ನು ಓದುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ನೋಡೋಣ.

ಸಿದ್ದಿ ಜನರು ಯಾರು?

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಮೊದಲಾದ ತಾಲ್ಲೂಕುಗಳಲ್ಲಿ ಸಿದ್ದಿಯರು ನೆಲೆಸಿದ್ದಾರೆ. ಗುಜರಾತಿನಲ್ಲಿಯೂ ಇದ್ದಾರೆ. ನಮ್ಮ ಜಿಲ್ಲೆಯ ಸಿದ್ದಿಯರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಉಂಟು. ಪೋರ್ಚುಗೀಸರು ಸುಮಾರು 300ರಿಂದ 500 ವರ್ಷಗಳ ಹಿಂದೆ ಆಫ್ರಿಕದಿಂದ ಜನರನ್ನು ಹಿಡಿದು ಗೋವೆಗೆ ತಂದರು. ಅಲ್ಲಿಂದ ಬಿಡಿಸಿಕೊಂಡು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿಯೇ ಇವರು ಎಂಬುದು ಬಹುಕಾಲದ ತಿಳಿವಳಿಕೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಜೀವಕೋಶದೊಳಗಿನ ಬರಹ

ನಮ್ಮ ಬಹುತೇಕ ಜೀವಕೋಶಗಳ ಕೇಂದ್ರದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಅವುಗಳಲ್ಲಿರುವ ಡಿಎನ್‌ಎ ನಾಲ್ಕೇ ಅಕ್ಷರಗಳ ಲಿಪಿಯಂತಿದೆ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಮನುಷ್ಯ ಮನುಷ್ಯರ ನಡುವೆ ಇವುಗಳಲ್ಲಿ ವ್ಯತ್ಯಾಸ ತೀರ ಕಡಿಮೆ. ಆ ಕೆಲವೇ ವ್ಯತ್ಯಾಸಗಳು ಸಂಶೋಧಕರಿಗೆ ಗುರುತಿನ ಕಲ್ಲುಗಳಿದ್ದಂತೆ.

ಇದರಲ್ಲಿ ಎರಡು ಭಾಗಗಳು ವಿಶೇಷವಾದವು. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಮೊದಲನೆಯದನ್ನು ಹಿಡಿದರೆ ತಂದೆಯ ತಂದೆಯ ತಂದೆಯ ದಾರಿ, ಎರಡನೆಯದನ್ನು ಹಿಡಿದರೆ ತಾಯಿಯ ತಾಯಿಯ ತಾಯಿಯ ದಾರಿ ತೋರುತ್ತದೆ.

ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳಾದ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮತ್ತು ಅವರ ಸಂಗಡಿಗರು ಕರ್ನಾಟಕ ಹಾಗೂ ಗುಜರಾತಿನ ಸಿದ್ದಿಯರ ಡಿಎನ್‌ಎಯನ್ನು ಪರಿಶೀಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಎರಡೂ ದಾರಿಗಳು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಬಾಂಟು ಭಾಷೆಗಳ ಜನರತ್ತ ಸಾಗುತ್ತವೆ ಎಂದು ಕಂಡುಬಂತು. ಉಳಿದ ವರ್ಣತಂತುಗಳಲ್ಲಿ ಆಫ್ರಿಕದ ಅಂಶದ ಜೊತೆಗೆ ಭಾರತೀಯ ಅಂಶವೂ, ಪ್ರಾಯಶಃ ಸ್ವಲ್ಪ ಪೋರ್ಚುಗೀಸ್ ಅಂಶವೂ ಇತ್ತು. ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಮಾತು ಹೀಗೆ ಪ್ರಯೋಗಶಾಲೆಯಲ್ಲಿಯೂ ದೃಢಪಟ್ಟಿತು.

ಹೂಮಾಲೆಯ ಲೆಕ್ಕ

ಆಫ್ರಿಕದ ಮತ್ತು ಭಾರತದ ಅಂಶಗಳು ಬೆರೆತದ್ದು ಯಾವಾಗ? ಇದಕ್ಕೂ ಲೆಕ್ಕವುಂಟು. ಕೆಂಪು ಹೂವಿನದೊಂದು, ಬಿಳಿ ಹೂವಿನದೊಂದು, ಒಂದೇ ಉದ್ದದ ಎರಡು ಮಾಲೆಗಳಿವೆ ಎಂದುಕೊಳ್ಳಿ. ಎರಡನ್ನೂ ಒಂದೇ ಜಾಗದಲ್ಲಿ ಕತ್ತರಿಸಿ, ತುಂಡುಗಳನ್ನು ಅದಲುಬದಲು ಮಾಡಿ ಕಟ್ಟಿದರೆ ಪ್ರತಿ ಮಾಲೆಯಲ್ಲೂ ಉದ್ದನೆಯ ಕೆಂಪು ಭಾಗ, ಉದ್ದನೆಯ ಬಿಳಿ ಭಾಗ ಇರುತ್ತದೆ. ಮತ್ತೆ ಮತ್ತೆ ಬೇರೆ ಬೇರೆ ಮಾಲೆಗಳೊಡನೆ, ಬೇರೆ ಬೇರೆ ಜಾಗದಲ್ಲಿ ಹೀಗೆಯೇ ಮಾಡುತ್ತ ಹೋದರೆ ಒಂದೇ ಬಣ್ಣದ ಭಾಗಗಳು ಚಿಕ್ಕದಾಗುತ್ತ ಬರುತ್ತವೆ.

ಪ್ರತಿ ತಲೆಮಾರಿನಲ್ಲಿ ಅಂಡಾಣು, ವೀರ್ಯಾಣುಗಳು ಉಂಟಾಗುವಾಗ ನಮ್ಮ ವರ್ಣತಂತುಗಳೂ ಹೀಗೆಯೇ ತುಂಡುಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಆದುದರಿಂದ ಒಂದೇ ಮೂಲದ ತುಂಡುಗಳು ಉದ್ದವಾಗಿದ್ದರೆ ಬೆರಕೆ ಈಚಿನದು, ಗಿಡ್ಡವಾಗಿದ್ದರೆ ಹಳೆಯದು. ಸಿದ್ದಿಯರಲ್ಲಿ ಬೆರಕೆ ಆದದ್ದು ಕಳೆದ ಸುಮಾರು 8 ತಲೆಮಾರುಗಳಲ್ಲಿ, ಎಂದರೆ 200 ವರ್ಷಗಳ ಈಚೆಗೆ ಎಂದು ಸಂಶೋಧಕರು ಅಂದಾಜು ಮಾಡಿದರು.

ದೂರದ ದ್ವೀಪದ ಪಾಠ

ಮೂಲ ತಿಳಿದರೆ ಸಾಕೇ? ವೈದ್ಯನಿಗೆ ಬೇಕಾದದ್ದು ರೋಗದ ಕಾರಣ. ಇಲ್ಲಿ ಪೆಸಿಫಿಕ್ ಸಾಗರದ ಸಮೋವ ದ್ವೀಪಗಳ ಉದಾಹರಣೆ ನೋಡಬಹುದು. ಪಾಲಿನೇಷ್ಯದ ಈ ಜನರ ಪೂರ್ವಜರು ಹೆಚ್ಚು ಕಡಿಮೆ 3000 ವರ್ಷಗಳ ಹಿಂದೆ ದೋಣಿಗಳಲ್ಲಿ ಬಂದು ನೆಲೆಸಿದರು. ಇಂದು ಅಲ್ಲಿ ಸ್ಥೂಲಕಾಯ ಮತ್ತು ಸಕ್ಕರೆ ಕಾಯಿಲೆ ಬಹಳ ಹೆಚ್ಚು. ಬರಗಾಲಕ್ಕಾಗಿ ಕೊಬ್ಬನ್ನು ಕೂಡಿಡುವ ‘ಮಿತವ್ಯಯದ ವಂಶವಾಹಿ’ಗಳು ಇದಕ್ಕೆ ಕಾರಣವಿರಬಹುದೆಂಬ ವಾದವನ್ನು ಅಮೆರಿಕದ ಜೇಮ್ಸ್ ನೀಲ್ 1962ರಲ್ಲಿ ಮಂಡಿಸಿದ್ದರು.

2016ರಲ್ಲಿ 3000ಕ್ಕೂ ಹೆಚ್ಚು ಸಮೋವನ್ನರ ಅಧ್ಯಯನದಿಂದ ಒಂದು ಅಚ್ಚರಿ ಹೊರಬಿತ್ತು. ಸಿಆರ್‌ಇಬಿಆರ್‌ಎಫ್ ಎಂಬ ವಂಶವಾಹಿಯ ಒಂದು ರೂಪ ಅಲ್ಲಿ ಪ್ರತಿ ನಾಲ್ಕು ಪ್ರತಿಗಳಲ್ಲಿ ಸುಮಾರು ಒಂದರಲ್ಲಿ ಇತ್ತು. ಉಳಿದ ಖಂಡಗಳ ಜನರಲ್ಲಿ ಅದು ಇಲ್ಲವೆನ್ನುವಷ್ಟು ಅಪರೂಪ. ಈ ರೂಪ ಉಳ್ಳವರ ತೂಕ ಹೆಚ್ಚು, ಆದರೆ ಅವರಿಗೆ ಸಕ್ಕರೆ ಕಾಯಿಲೆ ಬರುವ ಸಂಭವ ಕಡಿಮೆ! ತೂಕ ಮತ್ತು ಸಕ್ಕರೆ ಕಾಯಿಲೆ ಯಾವಾಗಲೂ ಜೊತೆಯಾಗಿ ಏರುತ್ತವೆ ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಇನ್ನೊಂದು ಮಾತು. ಈ ವಂಶವಾಹಿ ಬಹಳ ಹಳೆಯದು, ಅಲ್ಲಿನ ಸಕ್ಕರೆ ಕಾಯಿಲೆಯ ಏರಿಕೆ ಕೆಲವೇ ದಶಕಗಳದು. ವಂಶವಾಹಿ ಬದಲಾಗಲಿಲ್ಲ, ಹೊರದೇಶದಿಂದ ಬಂದ ಆಹಾರದಿಂದ ಊಟದ ತಟ್ಟೆ ಬದಲಾಯಿತು.

ಮುಖ ನೋಡಿ ಹೇಳಲಾಗದು

ಈಗ ನಮ್ಮ ಕಾಡಿಗೆ ಮರಳೋಣ. ನಮ್ಮ ದೇಶದಲ್ಲಿ ಸಾಮಾನ್ಯವಾದ ವೈವಾಕ್ಸ್ ಮಲೇರಿಯದ ರೋಗಾಣು ಕೆಂಪು ರಕ್ತಕಣವನ್ನು ಹೊಗಲು ಅದರ ಮೇಲಿನ ‘ಡಫಿ’ ಎಂಬ ಪ್ರೋಟೀನನ್ನು ಬಾಗಿಲಿನಂತೆ ಬಳಸುತ್ತದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಹುಪಾಲು ಜನರ ರಕ್ತಕಣಗಳಲ್ಲಿ ಈ ಬಾಗಿಲೇ ಇಲ್ಲ. ಅವರಿಗೆ ಈ ಮಲೇರಿಯ ಬಹುಮಟ್ಟಿಗೆ ತಗಲುವುದಿಲ್ಲ ಎಂಬುದನ್ನು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ಈ ರಕ್ಷಣೆ ಸಂಪೂರ್ಣವಲ್ಲ ಎಂಬುದೂ ಅನಂತರ ತಿಳಿದುಬಂದಿದೆ.

ಹಾಗಾದರೆ ಸಿದ್ದಿಯರಿಗೆ ಸೊಳ್ಳೆಪರದೆ ಬೇಡವೇ? ಖಂಡಿತ ಬೇಕು. ಬಾಗಿಲು ಮುಚ್ಚಿರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಆ ರೂಪ ಬಂದಿರಬೇಕು. ಬೆರೆತ ಜನರಲ್ಲಿ ಒಬ್ಬರಿಗೆ ಎರಡು, ಮತ್ತೊಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದೂ ಇಲ್ಲದಿರಬಹುದು. ಕೂದಲು, ಮೈಬಣ್ಣಗಳನ್ನು ನಿರ್ಧರಿಸುವ ವಂಶವಾಹಿಗಳೇ ಬೇರೆ, ಡಫಿ ವಂಶವಾಹಿಯೇ ಬೇರೆ. ಮುಖ ನೋಡಿ ರಕ್ತದ ಗುಣ ಹೇಳಲಾಗದು. ಒಬ್ಬೊಬ್ಬರನ್ನೂ ಪರೀಕ್ಷಿಸಿಯೇ ತಿಳಿಯಬೇಕು.

ಕುಡುಗೋಲು ಕಣ ರಕ್ತಹೀನತೆಯ ವಿಷಯವೂ ಹೀಗೆಯೇ. ಇದು ಆಫ್ರಿಕದವರ ರೋಗವೆಂದು ಒಮ್ಮೆ ನಂಬಲಾಗಿತ್ತು. 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿಯೇ ಇದು ಕಂಡುಬಂತು. ಮಲೇರಿಯ ಇದ್ದ ಬೇರೆ ಬೇರೆ ನಾಡುಗಳಲ್ಲಿ ಈ ಗುಣ ಹಬ್ಬಿತ್ತು. ಪ್ರತಿ ಒಂದಿದ್ದರೆ ಮಲೇರಿಯದಿಂದ ಸ್ವಲ್ಪ ರಕ್ಷಣೆ, ಎರಡಿದ್ದರೆ ರೋಗ. ಈ ರೋಗವನ್ನು ತಡೆಯಲೆಂದು 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನದಲ್ಲಿ ಕರ್ನಾಟಕವೂ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ ರಕ್ತ ಪರೀಕ್ಷೆಯ ಯೋಜನೆ ಹಾಕಲಾಯಿತು.

ಮುಖ ನೋಡಿ ತೀರ್ಮಾನಿಸುವ ಅಭ್ಯಾಸ ಆಟದ ಬಯಲಿಗೂ ಬಂದಿತ್ತು. ಆಫ್ರಿಕ ಮೂಲದವರು ಓಟದಲ್ಲಿ ಮುಂದಿರುವರೆಂಬ ಎಣಿಕೆಯಿಂದ 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆಯ್ದು ತರಬೇತಿ ನೀಡಿತು. ಅವರಲ್ಲಿ ಕೆಲವರು ಪದಕ ಗೆದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ಆ ಕಾರ್ಯಕ್ರಮ ನಿಂತುಹೋಯಿತು. ವಂಶವಾಹಿ ಎಂಥದೇ ಇರಲಿ, ಹೊಟ್ಟೆಗೆ ಊಟ, ಗುರು, ಬಯಲು, ಮುಂದಕ್ಕೊಂದು ಉದ್ಯೋಗ ಇಲ್ಲದೆ ಓಟಗಾರನಾಗಲಿ ಓಟಗಾರ್ತಿಯಾಗಲಿ ಬೆಳೆಯುವುದಿಲ್ಲ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಸಿದ್ದಾಪುರದ ಕಡೆಯೂ ಜೀವ ತೆಗೆದಿದೆ. ಉಣುಗಿನ ಕಡಿತದಿಂದ ಬರುವ ಇದು ತರಗೆಲೆ, ಸೌದೆಗೆ ಕಾಡಿಗೆ ಹೋಗುವ ಯಾರನ್ನೂ ಹಿಡಿದೀತು. ಇಲ್ಲಿ ಪ್ರಶ್ನೆ ವಂಶದ್ದಲ್ಲ, ದುಡಿಮೆಯದು.

ರಕ್ತ ಕೊಟ್ಟವರ ಹಕ್ಕು

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯಲ್ಲಿ ಹವಸುಪಾಯ್ ಎಂಬ ಮೂಲನಿವಾಸಿ ಜನರಿದ್ದಾರೆ. 1990ರ ಸುಮಾರಿಗೆ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ಅವರು ಅರಿಜೋನ ರಾಜ್ಯ ವಿಶ್ವವಿದ್ಯಾಲಯಕ್ಕೆ ರಕ್ತ ಕೊಟ್ಟರು. ಅದನ್ನು ಮಾನಸಿಕ ರೋಗದ ಮತ್ತು ವಲಸೆಯ ಅಧ್ಯಯನಕ್ಕೂ ಬಳಸಿದ್ದು ತಿಳಿದಾಗ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2010ರಲ್ಲಿ ರಾಜಿಯಾಗಿ, ಉಳಿದ ರಕ್ತದ ಮಾದರಿಗಳನ್ನು ಅವರಿಗೆ ಹಿಂತಿರುಗಿಸಲಾಯಿತು.

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2000ರಲ್ಲಿ ನೀತಿಸೂಚಿ ಹೊರಡಿಸಿ, 2006 ಮತ್ತು 2017ರಲ್ಲಿ ಪರಿಷ್ಕರಿಸಿತು. ಅದರ ತಿರುಳು ಸರಳ: ರಕ್ತ ಕೊಡುವವರಿಗೆ ಅವರ ಭಾಷೆಯಲ್ಲಿ ಉದ್ದೇಶವನ್ನು ತಿಳಿಸಬೇಕು, ತಿಳಿದು ಒಪ್ಪಿದರೆ ಮಾತ್ರ ತೆಗೆದುಕೊಳ್ಳಬೇಕು, ಒಲ್ಲೆನೆನ್ನಲು ಅವರಿಗೆ ಹಕ್ಕಿದೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ವೈದ್ಯರೋ ವಿಜ್ಞಾನಿಗಳೋ ಆಗಬಹುದು. ನಿಮ್ಮ ಊರಿಗೇ ಸಂಶೋಧಕರು ಬರಲೂಬಹುದು. ಆಗ ಮೂರು ಪ್ರಶ್ನೆಗಳನ್ನು ಕೇಳಿ: ಈ ರಕ್ತ ಯಾವ ಕೆಲಸಕ್ಕೆ? ಇದರ ಫಲಿತಾಂಶವನ್ನು ನಮಗೆ ಹೇಳುವಿರಾ? ಇದರಿಂದ ನಮ್ಮ ಕೇರಿಯ ಆಸ್ಪತ್ರೆಗೆ ಏನು ಬರುತ್ತದೆ? ಶಾಸನದ ಕಲ್ಲು ಪ್ರಶ್ನೆ ಕೇಳುವುದಿಲ್ಲ. ರಕ್ತ ಕೊಟ್ಟ ಮನುಷ್ಯ ಕೇಳಬಲ್ಲ, ಕೇಳಬೇಕು.