ಟರ್ಮಿನಲ್‌ನಲ್ಲೇ ಪುಣೆಯ ನೀರಿನ ಬಾರ್ ಚಾರ್ಟ್

ವಿಡಿಯೊದಲ್ಲಿ ಸ್ಕ್ರೀನ್ ಬೇಗ ಬೇಗ ಓಡಿತು ಅಂದವರಿಗಾಗಿ ಇದು ನಿಧಾನದ ಆವೃತ್ತಿ.

ಈ ಊರಿಗೆ ನೀರು ಬರೋದು ಮುಖ್ಯವಾಗಿ ನಾಲ್ಕು ಅಣೆಕಟ್ಟಿನಿಂದ. ಯಾವುದು ಎಷ್ಟು ನೀರು ಹಿಡಿಯುತ್ತೆ ಅನ್ನೋದನ್ನ ಟಿಎಂಸಿ ಲೆಕ್ಕದಲ್ಲಿ ನೋಡಿ:

###### 1.97 ಖಡಕ್‌ವಾಸ್ಲಾ
########### 3.71 ಟೇಮ್‌ಘರ್
################################# 10.65 ಪಾನ್‌ಶೇತ್
######################################## 12.82 ವರಸಗಾಂವ್

ಭಾನುವಾರ ಜೋಳದ ತೆನೆ ತಿನ್ನೋಕೆ ನಾವು ಹೋಗೋ ಖಡಕ್‌ವಾಸ್ಲಾನೇ ಎಲ್ಲಕ್ಕಿಂತ ಚಿಕ್ಕದು! "ಖಡಕ್‌ವಾಸ್ಲಾ ತುಂಬಿತು" ಅನ್ನೋ ಸುದ್ದಿ ಓದಿ ನೀರಿನ ಚಿಂತೆ ಬಿಡೋ ಹಾಗಿಲ್ಲ. ಉಳಿದ ಮೂರರ ಗೆರೆ ನೋಡಬೇಕು.

ಇದಕ್ಕೆ ಎಕ್ಸೆಲ್ ಬೇಡ, ಹತ್ತು ಸಾಲಿನ ಬ್ಯಾಶ್ ಸ್ಕ್ರಿಪ್ಟ್ ಸಾಕು. ಫೈಲಿನ ಪ್ರತಿ ಸಾಲಲ್ಲಿ ಹೆಸರು, ಅಂಕಿ. ಲೂಪ್ ಒಂದೊಂದೇ ಸಾಲು ಓದುತ್ತೆ. ಬ್ಯಾಶ್‌ಗೆ ದಶಾಂಶದ ಲೆಕ್ಕ ಬರಲ್ಲ, 1.97 ಕೊಟ್ಟರೆ ಎರರ್. ಅದಕ್ಕೆ ಚುಕ್ಕಿ ತೆಗೆದು 197 ಮಾಡಿಕೊಳ್ಳಿ (ಎಲ್ಲ ಅಂಕಿಗೂ ಚುಕ್ಕಿಯ ನಂತರ ಎರಡು ಸ್ಥಾನ ಇರಲೇಬೇಕು). ದೊಡ್ಡ ಗೆರೆಗೆ 40 ಗುರುತು ಅಂತಿಟ್ಟುಕೊಂಡರೆ ಲೆಕ್ಕ ಇಷ್ಟೇ: 197 × 40 ÷ 1282. ಉತ್ತರ 6.

ಮೊದಲು ಗುಣಿಸಿ, ಆಮೇಲೆ ಭಾಗಿಸಿ. ಇಲ್ಲಿ ಹುಷಾರು! 197 ಅನ್ನು ಮೊದಲೇ 1282ರಿಂದ ಭಾಗಿಸಿದರೆ ಬ್ಯಾಶ್ ಸೊನ್ನೆ ಕೊಡುತ್ತೆ. ಸೊನ್ನೆಯನ್ನ 40ರಿಂದ ಗುಣಿಸಿ ಏನು ಬಂತು? ವರಸಗಾಂವ್ ಒಂದು ಬಿಟ್ಟು ಉಳಿದ ಮೂರೂ ಅಣೆಕಟ್ಟು ಖಾಲಿ ಕಾಣುತ್ತೆ. ಎರರ್ ಮೆಸೇಜೂ ಬರಲ್ಲ.

ಗೆರೆ ಎಳೆಯೋಕೆ ಪ್ರಿಂಟ್‌ಎಫ್‌ನಿಂದ ಅಷ್ಟು ಸ್ಪೇಸ್ ಬರೆಸಿ, ಟಿಆರ್ ಕಮಾಂಡಿಗೆ ಪೈಪ್ ಮಾಡಿ ಸ್ಪೇಸನ್ನೆಲ್ಲ ಹ್ಯಾಶ್ ಮಾಡಿಸಿ.

ಹೆಸರು ಯಾಕೆ ಕೊನೆಯಲ್ಲಿ ಅಂತ ಕೇಳ್ತೀರಿ. ಬ್ಯಾಶ್‌ನ ಪ್ರಿಂಟ್‌ಎಫ್ ಅಗಲವನ್ನ ಬೈಟ್ ಲೆಕ್ಕದಲ್ಲಿ ಅಳೆಯುತ್ತೆ. ಯುಟಿಎಫ್-8ರಲ್ಲಿ ಕನ್ನಡದ 'ಕ' ಒಂದಕ್ಕೇ ಮೂರು ಬೈಟ್. ಹೆಸರು ಮುಂದೆ ಹಾಕಿದರೆ ಗೆರೆಗಳೆಲ್ಲ ಸೊಟ್ಟ. ಹಿಂದೆ ಹಾಕಿದರೆ ಆ ತಂಟೆಯೇ ಇಲ್ಲ.

ಈ ನೀರು ಮುಠಾ, ಭೀಮಾ ಹಿಡಿದು ಉಜನಿಗೆ, ಅಲ್ಲಿಂದ ನಮ್ಮ ಕಲಬುರಗಿ ಕಡೆಗೆ ಹರಿಯುತ್ತೆ. ಆ ಕಡೆಯವರು ಫೈಲಿಗೆ ಉಜನಿಯನ್ನೂ ಸೇರಿಸ್ತೀರಿ, ಗೊತ್ತು. ಬಳಕೆಗೆ ಸಿಗೋ ನೀರೇ 53.57 ಟಿಎಂಸಿ. ಆದ್ದರಿಂದ 1282 ಅಂತ ಸ್ಕ್ರಿಪ್ಟಲ್ಲಿ ಕೂರಿಸಬೇಡಿ, ದೊಡ್ಡ ಅಂಕಿಯನ್ನ ಫೈಲಿಂದಲೇ ಹುಡುಕಿಸಿ. ಆಗ ಖಡಕ್‌ವಾಸ್ಲಾಕ್ಕೆ ಉಳಿಯೋದು ಒಂದೇ ಹ್ಯಾಶ್.