ಶಾಸನಗಳ ಕಾಲಗಣನೆಯಲ್ಲಿ ಫಂಕ್ಷನ್ನಿನ ಘೋಷಣೆ ಮತ್ತು ಕರೆ

ಶಾಸನಗಳ ಕಾಲನಿರ್ಣಯದಲ್ಲಿ ತೊಡಗಿದ ವಿದ್ಯಾರ್ಥಿಯು ಒಂದೇ ಬಗೆಯ ಲೆಕ್ಕವನ್ನು ನೂರಾರು ಸಲ ಮಾಡಬೇಕಾಗುವುದು. ಹೀಗೆ ಮರುಕಳಿಸುವ ಲೆಕ್ಕವನ್ನು ಒಮ್ಮೆ ಬರೆದಿಟ್ಟು, ಬೇಕಾದಾಗಲೆಲ್ಲ ಹೆಸರು ಹಿಡಿದು ಕರೆಯುವ ಉಪಾಯವು ಗಣಕಯಂತ್ರದ ಭಾಷೆಗಳಲ್ಲಿದೆ. ಅದಕ್ಕೆ ಫಂಕ್ಷನ್ ಎಂದು ಹೆಸರು. ಬೆಳಗಾವಿ ನಗರದ ಹಾಗೂ ಖಾನಾಪುರ ತಾಲೂಕಿನ ಶಾಸನಗಳನ್ನು ನಿದರ್ಶನವಾಗಿರಿಸಿಕೊಂಡು, ಪೈಥಾನ್ ಭಾಷೆಯಲ್ಲಿ ಅದನ್ನು ಘೋಷಿಸುವ ಮತ್ತು ಕರೆಯುವ ಕ್ರಮವನ್ನು ಇಲ್ಲಿ ವಿವರಿಸುವೆವು.

ಘೋಷಣೆಯು ಹೀಗಿರುವುದು:

ಡೆಫ್ ಕ್ರಿಸ್ತವರ್ಷ(ವರ್ಷ, ಅಂತರ=78):
    ರಿಟರ್ನ್ ವರ್ಷ + ಅಂತರ

‘ಡೆಫ್’, ‘ರಿಟರ್ನ್’ ಎಂಬ ಆಜ್ಞಾಪದಗಳನ್ನು ರೋಮನ್ ಲಿಪಿಯಲ್ಲಿಯೇ ಬರೆಯತಕ್ಕದ್ದು. ಉಳಿದ ಹೆಸರುಗಳನ್ನು ಪೈಥಾನಿನ ಮೂರನೆಯ ಆವೃತ್ತಿಯು ಕನ್ನಡದಲ್ಲಿಯೂ ಒಪ್ಪುವುದು. ಆವರಣದೊಳಗಿನ ‘ವರ್ಷ’, ‘ಅಂತರ’ಗಳು ಪ್ಯಾರಾಮೀಟರುಗಳು, ಎಂದರೆ ಮುಂದೆ ಬರಲಿರುವ ಸಂಖ್ಯೆಗಳಿಗೆ ಕಾದಿರಿಸಿದ ಸ್ಥಾನಗಳು. ಅಂತರವನ್ನು ಹೇಳದಿದ್ದಲ್ಲಿ 78 ಎಂದೇ ಗ್ರಹಿಸಬೇಕೆಂದು ವಿಧಿಸಿದೆ. ಎರಡನೆಯ ಸಾಲು ಒಳಸರಿದಿರುವುದು ಅಲಂಕಾರಕ್ಕಲ್ಲ; ಅದು ಫಂಕ್ಷನ್ನಿನ ಒಡಲಿಗೆ ಸೇರಿದುದೆಂಬುದರ ಗುರುತು. ಘೋಷಣೆಯ ಮಾತ್ರದಿಂದ ಯಾವ ಲೆಕ್ಕವೂ ನಡೆಯದು, ಕರೆದಾಗಲೇ ನಡೆಯುವುದು. ಘೋಷಣೆಯು ಕರೆಗಿಂತ ಮೊದಲೇ ಆಗಿರಬೇಕು.

ಇನ್ನು ಕರೆಯ ವಿಚಾರ. ಖಾನಾಪುರ ತಾಲೂಕಿನ ಹಲಸಿಯ ನರಸಿಂಹ ದೇವಾಲಯದಲ್ಲಿ ಗೋವೆಯ ಕದಂಬರ ಪೆರ್ಮಾಡಿಯ ಶಾಸನವಿದೆ. ಅದರ ಕಾಲ ಕಲಿಯುಗ 4270. ಇಲ್ಲಿ ಕ್ರಿಸ್ತವರ್ಷ(4270, -3101) ಎಂದು ಕರೆದರೆ 1169 ಎಂಬ ಉತ್ತರವು ಬರುವುದು. ಶಕವರ್ಷಕ್ಕೆಂದು ಬರೆದ ಫಂಕ್ಷನ್ನೇ ಅಂತರವೊಂದನ್ನು ಬದಲಿಸಿದುದರಿಂದ ಕಲಿಯುಗಕ್ಕೂ ಒದಗಿತು.

ಬೆಳಗಾವಿಯ ರಟ್ಟ ಜಿನಾಲಯದ ಶಾಸನಗಳು ನಾಲ್ಕನೆಯ ಕಾರ್ತವೀರ್ಯನ ಕಾಲದವು. ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅವುಗಳಲ್ಲಿ ಶಕ 1127, ರಕ್ತಾಕ್ಷಿ ಸಂವತ್ಸರ ಎಂದಿದೆ. ಕ್ರಿಸ್ತವರ್ಷ(1127) ಎಂದರೆ 1205 ಬರುವುದು. ಈ ಉತ್ತರವು ಸರಿಯೇ ಎಂಬುದನ್ನು ಪರೀಕ್ಷಿಸಲು ಇನ್ನೊಂದು ಫಂಕ್ಷನ್ನನ್ನು ಘೋಷಿಸೋಣ:

ಡೆಫ್ ಸಂವತ್ಸರ(ಗತಶಕ):
    ರಿಟರ್ನ್ (ಗತಶಕ + 12) % 60

ಇಲ್ಲಿ ‘%’ ಚಿಹ್ನೆಯು ಭಾಗಿಸಿ ಉಳಿದ ಶೇಷವನ್ನು ಕೊಡುವುದು. ಪ್ರಭವವು 1, ಶೇಷವು ಸೊನ್ನೆಯಾದರೆ ಅಕ್ಷಯ. ಸಂವತ್ಸರ(1127) ಎಂದರೆ 59, ಅಂದರೆ ಕ್ರೋಧನ. ಸಂವತ್ಸರ(1126) ಎಂದರೆ 58; ಅದೇ ರಕ್ತಾಕ್ಷಿ. ಆದುದರಿಂದ ಶಾಸನವು ಹೇಳುವ 1127 ಗತವರ್ಷವಲ್ಲ, ನಡೆಯುತ್ತಿದ್ದ ವರ್ತಮಾನವರ್ಷ. ಕ್ರಿಸ್ತವರ್ಷ(1127, 77) ಎಂದು ಕರೆದಾಗ 1204 ದೊರೆಯುವುದು. ಚಾಂದ್ರವರ್ಷದ ಕೊನೆಯ ತಿಂಗಳುಗಳು ಮುಂದಿನ ಕ್ರಿಸ್ತವರ್ಷದೊಳಗೆ ಬೀಳುವುದರಿಂದ, ಅಂತಹ ತಿಥಿಗಳಲ್ಲಿ ಅಂತರಕ್ಕೆ ಒಂದನ್ನು ಕೂಡಿಸಬೇಕೆಂಬುದನ್ನೂ ಮರೆಯಲಾಗದು.

ಫಂಕ್ಷನ್ನು ತನಗಿತ್ತ ಸಂಖ್ಯೆಯ ಅರ್ಥವನ್ನು ವಿಚಾರಿಸದು. ಹಲಸಿಯಲ್ಲಿ ದೊರೆತ ಕಾಕುಸ್ಥವರ್ಮನ ತಾಮ್ರಪಟದಲ್ಲಿ ವಿಜಯದ 80ನೆಯ ವರ್ಷವೆಂದಿದೆ. ಆ ಎಣಿಕೆಯ ಆರಂಭವೆಲ್ಲಿ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಆದರೂ ಕ್ರಿಸ್ತವರ್ಷ(80) ಎಂದು ಕರೆದರೆ, ಐದನೆಯ ಶತಮಾನಕ್ಕೆ ಸೇರಿದ ಈ ಅರಸನಿಗೆ ಯಂತ್ರವು ನಿಸ್ಸಂಕೋಚವಾಗಿ 158 ಎಂದು ಉತ್ತರಿಸುವುದು. ಲೆಕ್ಕದಲ್ಲಿ ದೋಷವಿಲ್ಲ, ದೋಷವಿರುವುದು ಕರೆಯಲ್ಲಿ. ಯಾವ ಸಂಖ್ಯೆಯನ್ನು, ಯಾವ ಶಕೆಯದೆಂದು ತಿಳಿದು ಕೊಡಬೇಕೆಂಬ ವಿವೇಚನೆಯು ಇತಿಹಾಸದ ವಿದ್ಯಾರ್ಥಿಯ ಪಾಲಿಗೇ ಉಳಿದಿದೆ.